ವಿದೇಶೀ ನೆರವು: ಗೋಧಿಯ ಕಥೆ, ಹಾಲಿನ ಕಥೆ

ಸಿರಿವಂತ ರಾಷ್ಟ್ರಗಳು ಬಡ ರಾಷ್ಟ್ರಗಳಿಗೆ ನೀಡುತ್ತ ಬಂದಿರುವ ನೆರವಿನಿಂದ ಒಳಿತಾಗಿದೆಯೋ ಕೇಡಾಗಿದೆಯೋ ಎಂಬುದು ಎರಡನೆಯ ಮಹಾಯುದ್ಧದ ತರುವಾಯ ಅರ್ಥಶಾಸ್ತ್ರಜ್ಞರನ್ನೂ ರಾಜಕಾರಣಿಗಳನ್ನೂ ಎಡೆಬಿಡದೆ ಕಾಡಿರುವ ಪ್ರಶ್ನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜೆಫ್ರಿ ಸ್ಯಾಕ್ಸ್ ಅವರು 2005ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಧನಿಕ ರಾಷ್ಟ್ರಗಳು ಮನಸ್ಸುಮಾಡಿ ಸಾಕಷ್ಟು ನೆರವು ನೀಡಿದ್ದಾದರೆ 2025ರ ವೇಳೆಗೆ ಕಡುಬಡತನವನ್ನೇ ಭೂಮಿಯಿಂದ ಅಳಿಸಬಹುದೆಂದು ವಾದಿಸಿದರು. ನಾಲ್ಕೇ ವರ್ಷಗಳಲ್ಲಿ, 2009ರಲ್ಲಿ, ಜಾಂಬಿಯಾ ದೇಶದವರಾದ ಡಂಬೀಸಾ ಮೋಯೋ ಅವರು ಇದಕ್ಕೆ ತೀರ ವಿರುದ್ಧವಾದ ವಾದವನ್ನು ಮುಂದಿಟ್ಟರು. ಆಫ್ರಿಕಾವನ್ನು ಬಡತನದಲ್ಲಿ ಉಳಿಸಿರುವುದೇ ಈ ನೆರವು, ಅದನ್ನು ನಿಲ್ಲಿಸಬೇಕು ಎಂಬುದು ಅವರ ನಿಲುವು. ಇಬ್ಬರೂ ವಿದ್ವಾಂಸರೇ, ಇಬ್ಬರೂ ಬಡವರ ಹಿತವನ್ನೇ ಬಯಸಿದವರು. ಸಾಮಾನ್ಯ ಓದುಗನು ಯಾರ ಮಾತನ್ನು ನಂಬಬೇಕು?

ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಇಂತಹ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇನ್ನೊಬ್ಬರ ಕೊಡುಗೆಯಿಂದ ಬೆಳೆದ ಸಂಸ್ಥೆಗಳಿಗೆ ಈ ಪ್ರಶ್ನೆ ದೂರದ್ದಲ್ಲ. ನಮ್ಮ ನಾಡಿನ ಮಠಗಳು ನಡೆಸುವ ಶಾಲೆಗಳೂ ಉಚಿತ ಪ್ರಸಾದನಿಲಯಗಳೂ ನಿಂತಿರುವುದು ಸುಗ್ಗಿಯ ಕಾಲದಲ್ಲಿ ಭಕ್ತರು ಕಣದಿಂದ ನೇರವಾಗಿ ಕಳುಹಿಸುವ ಧಾನ್ಯದ ಮೇಲೆ, ಜೋಳಿಗೆಗೆ ಬಿದ್ದ ಕಾಣಿಕೆಯ ಮೇಲೆ. ಹಾಗೆ ಪಡೆದು ಓದಿದ ಮಕ್ಕಳು ದೀನರಾಗಲಿಲ್ಲ. ಅವರಲ್ಲಿ ಅನೇಕರು ಮುಂದೆ ತಾವೇ ಕೊಡುವವರಾದರು. ಇದರ ಗುಟ್ಟನ್ನು ಶರಣರು ಒಂದೇ ಪದದಲ್ಲಿ ಹಿಡಿದಿಟ್ಟಿದ್ದಾರೆ. ಅವರು ದಾನ ಎನ್ನಲಿಲ್ಲ, ದಾಸೋಹ ಎಂದರು. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ, ಪಡೆಯುವವನು ಕೆಳಗೆ ಕೈಯೊಡ್ಡುತ್ತಾನೆ. ದಾಸೋಹದಲ್ಲಿ ಕೊಡುವವನೇ ದಾಸ. ಮೇಲಾಗಿ ಕೊಡುವವನೂ ಪಡೆಯುವವನೂ ಇಬ್ಬರೂ ಕಾಯಕಕ್ಕೆ ಬದ್ಧರು. ರಾಷ್ಟ್ರ ರಾಷ್ಟ್ರಗಳ ನಡುವೆ ಇಂತಹ ಭಾವನೆಯನ್ನು ನಿರೀಕ್ಷಿಸುವುದು ಅತಿಯಾಸೆಯೇ ಸರಿ. ಆದರೂ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ದೇಶವೇ ಪಡೆದ ಎರಡು ನೆರವುಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಮೇಲಿನ ವಿವಾದದಲ್ಲಿ ತಿರುಳೆಷ್ಟು, ಸಿಪ್ಪೆಯೆಷ್ಟು ಎಂಬುದು ತಿಳಿದೀತು. ಒಂದು ಗೋಧಿಯದು, ಇನ್ನೊಂದು ಹಾಲಿನದು.

1954ನೆಯ ಇಸವಿ ಜುಲೈ 10ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರು ಸಹಿ ಮಾಡಿದ ಶಾಸನವೊಂದು 'ಪಿ.ಎಲ್. 480' ಎಂಬ ಹೆಸರಿನಿಂದ ಮುಂದೆ ಭಾರತದ ಮನೆಮಾತಾಯಿತು. ಅದರ ಪೂರ್ಣ ಹೆಸರಿನಲ್ಲಿ 'ಕೃಷಿ ವ್ಯಾಪಾರದ ಅಭಿವೃದ್ಧಿ' ಎಂಬುದು ಮೊದಲು ಬರುತ್ತದೆ, 'ನೆರವು' ಎಂಬುದು ಆಮೇಲೆ. ಈ ಅನುಕ್ರಮ ಆಕಸ್ಮಿಕವಲ್ಲ. ಯುದ್ಧಾನಂತರದ ವರ್ಷಗಳಲ್ಲಿ ಅಮೆರಿಕ ಸರ್ಕಾರವು ತನ್ನ ರೈತರಿಗೆ ಬೆಂಬಲ ಬೆಲೆ ಕೊಟ್ಟು ಕೊಂಡ ಧಾನ್ಯ ಕಣಜಗಳಲ್ಲಿ ತುಂಬಿ ತುಳುಕುತ್ತಿತ್ತು. ಅದನ್ನು ಕಾಯುವುದಕ್ಕೇ ವಿಪರೀತ ವೆಚ್ಚ. ಮಾರುಕಟ್ಟೆಗೆ ಬಿಟ್ಟರೆ ಅವರ ರೈತರಿಗೇ ನಷ್ಟ. ಅತ್ತ ಭಾರತಕ್ಕೆ ಧಾನ್ಯ ಬೇಕಿತ್ತು, ಕೊಳ್ಳಲು ಡಾಲರ್ ಇರಲಿಲ್ಲ. ಆದ್ದರಿಂದ ಧಾನ್ಯದ ಬೆಲೆಯನ್ನು ರೂಪಾಯಿಯಲ್ಲಿಯೇ ಪಾವತಿ ಮಾಡಬಹುದೆಂಬ ಏರ್ಪಾಡು ಎರಡೂ ಕಡೆಯವರಿಗೆ ಅನುಕೂಲವಾಗಿ ಕಂಡಿತು. ಮೊದಲ ಒಪ್ಪಂದ 1956ರಲ್ಲಿ ಆಯಿತು. 1960ರ ಮೇ ತಿಂಗಳಲ್ಲಿ ಆಹಾರ ಸಚಿವರಾಗಿದ್ದ ಎಸ್. ಕೆ. ಪಾಟೀಲರು ಮಾಡಿಕೊಂಡ ಒಪ್ಪಂದವಂತೂ ಬೃಹತ್ತಾದದ್ದು: ನಾಲ್ಕು ವರ್ಷಗಳಲ್ಲಿ 160 ಲಕ್ಷ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ.

ಪಾವತಿಯಾದ ರೂಪಾಯಿ ನಮ್ಮಲ್ಲಿಯೇ ಅಮೆರಿಕದ ಲೆಕ್ಕದಲ್ಲಿ ಜಮೆಯಾಗುತ್ತಿತ್ತು. ಅದರ ಬಹುಭಾಗವನ್ನು ಅವರು ಭಾರತ ಸರ್ಕಾರಕ್ಕೇ ಸಾಲವಾಗಿಯೂ ಅನುದಾನವಾಗಿಯೂ ಹಿಂದಿರುಗಿಸುವರು. ಉಳಿದದ್ದು ಅವರ ರಾಯಭಾರ ಕಚೇರಿಯ ಖರ್ಚು ಮುಂತಾದವುಗಳಿಗೆ. (ಈ ಹಣದಿಂದಲೇ 1962ರಿಂದ ಮೊದಲ್ಗೊಂಡು ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳುಹಿಸಲಾಯಿತು. ಅಲ್ಲಿನ ಗ್ರಂಥಾಲಯಗಳಲ್ಲಿ ಕನ್ನಡ ಪುಸ್ತಕಗಳು ಇಂದಿಗೂ ಸಿಕ್ಕುವುದಕ್ಕೆ ಗೋಧಿಯ ಋಣವೂ ಒಂದು ಕಾರಣವೆಂದರೆ ಓದುಗರಿಗೆ ಸೋಜಿಗವೆನಿಸೀತು.)

ಸುಲಭವಾಗಿ ಸಿಕ್ಕ ಧಾನ್ಯದಿಂದ ಆದದ್ದೇನು? ಎರಡನೆಯ ಪಂಚವಾರ್ಷಿಕ ಯೋಜನೆಯಲ್ಲಿ ಭಾರೀ ಕೈಗಾರಿಕೆಗಳಿಗೆ ಪ್ರಾಶಸ್ತ್ಯ ದೊರೆತು, ಬೇಸಾಯಕ್ಕೆ ಮೀಸಲಾದ ಪಾಲು ಕುಗ್ಗಿತು. ಹೊಟ್ಟೆಯ ಚಿಂತೆಯನ್ನು ಹಡಗು ನೋಡಿಕೊಳ್ಳುತ್ತದೆಂಬ ಭರವಸೆ ದೆಹಲಿಯಲ್ಲಿ ಮನೆಮಾಡಿತು. ಅಗ್ಗದ ಗೋಧಿ ಪಟ್ಟಣಗಳಿಗೆ ಬಂದಿಳಿದರೆ ನಮ್ಮ ರೈತನಿಗೆ ಬೆಲೆ ಸಿಕ್ಕುವುದೆಂತು ಎಂದು ಅಮೆರಿಕದವರೇ ಆದ ಥಿಯೋಡರ್ ಷುಲ್ಟ್ಸ್ 1960ರಲ್ಲಿ ಎಚ್ಚರಿಸಿದರು. ನಮ್ಮವರಲ್ಲಿ ಈ ಮಾತನ್ನು ಎಲ್ಲರಿಗಿಂತ ನಿಷ್ಠುರವಾಗಿ ಆಡಿದವರು ಮಂಗಳೂರಿನ ಕಡೆಯವರಾದ ಬಿ. ಆರ್. ಶೆಣೈ. 1955ರಲ್ಲಿ ಎರಡನೆಯ ಯೋಜನೆಯ ರೂಪರೇಷೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಏಕಾಕಿಯಾಗಿ ಭಿನ್ನಮತ ಬರೆದವರು ಅವರು, ಪಿ.ಎಲ್. 480 ನೆರವನ್ನೂ ಭಾರತದ ಆಹಾರ ಸಮಸ್ಯೆಯನ್ನೂ ಕುರಿತು ಒಂದು ಗ್ರಂಥವನ್ನೇ ರಚಿಸಿದರು. ಅಂದು ಅವರ ಮಾತು ಅರಣ್ಯರೋದನವಾಯಿತು. ಬೆಲೆ ಕುಸಿತದ ಈ ವಾದಕ್ಕೆ ಪ್ರತಿವಾದವಿಲ್ಲದೆ ಇಲ್ಲ. ಆಮದಾದ ಧಾನ್ಯವು ಬಹುಮಟ್ಟಿಗೆ ನ್ಯಾಯಬೆಲೆ ಅಂಗಡಿಗಳ ಮೂಲಕ, ಇಲ್ಲದಿದ್ದರೆ ಕೊಳ್ಳಲು ಶಕ್ತಿಯಿಲ್ಲದ ಬಡವರ ಕೈಸೇರಿತು, ಆದ್ದರಿಂದ ರೈತನ ಬೆಲೆಗೆ ಬಿದ್ದ ಪೆಟ್ಟು ಶೆಣೈ ಮೊದಲಾದವರು ಹೇಳಿದಷ್ಟು ದೊಡ್ಡದಲ್ಲ ಎಂದು ತರುವಾಯದ ಕೆಲವು ಸಂಶೋಧಕರು ತೋರಿಸಿದ್ದಾರೆ. ಈ ಲೇಖಕನಿಗೆ ತೋರುವಂತೆ ಬೆಲೆಗಿಂತ ದೊಡ್ಡ ನಷ್ಟ ಆಳುವವರ ಮನಸ್ಸಿನಲ್ಲಿ ಆಯಿತು. ಹಸಿವು ಎಂಬುದು ತಮ್ಮ ಹೊಣೆಯೆಂಬ ಅರಿವು ಹತ್ತು ವರ್ಷ ಮಂಕಾಯಿತು.

ಆ ಮಂಕು ಹರಿದದ್ದು 1965ರಲ್ಲಿ. ಹಿಂದಿನ ವರ್ಷ ಸುಮಾರು 890 ಲಕ್ಷ ಟನ್ ಇದ್ದ ಆಹಾರಧಾನ್ಯದ ಉತ್ಪಾದನೆ ಮಳೆ ಕೈಕೊಟ್ಟು 1965-66ರಲ್ಲಿ ಸುಮಾರು 720 ಲಕ್ಷ ಟನ್ನಿಗೆ ಇಳಿಯಿತು. ಮರುವರ್ಷವೂ ಬರ. ಅದೇ ಹೊತ್ತಿಗೆ ಪಾಕಿಸ್ತಾನದೊಡನೆ ಯುದ್ಧ. 1966ರಲ್ಲಿ ದೇಶಕ್ಕೆ ಸುಮಾರು 100 ಲಕ್ಷ ಟನ್ ಧಾನ್ಯ ಹೊರಗಿನಿಂದ ಬರಬೇಕಾಯಿತು. ಅದರಲ್ಲಿ ಬಹುಪಾಲು ಅಮೆರಿಕದ್ದು. ಬಂದರಿನಲ್ಲಿ ಇಳಿದ ಗೋಧಿ ಉಗ್ರಾಣ ಕಾಣದೆ ನೇರವಾಗಿ ತಟ್ಟೆಗೆ ಹೋಗುತ್ತಿದ್ದ ಆ ಸ್ಥಿತಿಯನ್ನು 'ಹಡಗಿನಿಂದ ಬಾಯಿಗೆ' ಎಂದು ಆ ಕಾಲದ ಪತ್ರಿಕೆಗಳು ಬಣ್ಣಿಸಿದವು. ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡುವಂತೆ ಜನತೆಗೆ ಕರೆಕೊಟ್ಟರು, ತಮ್ಮ ಮನೆಯಿಂದಲೇ ಅದನ್ನು ಆರಂಭಿಸಿದರು. ಹಿರಿಯ ಓದುಗರಲ್ಲಿ ಸೋಮವಾರ ರಾತ್ರಿಯ ಆ ಉಪವಾಸವನ್ನು ನೆನೆಯುವವರು ಇನ್ನೂ ಇದ್ದಾರೆ. ಸೋಮವಾರ ನಮ್ಮವರಿಗೆ ಹೇಗೂ ವ್ರತದ ದಿನ. ಅದಕ್ಕೆ ಅಂದು ದೇಶದ ಹಸಿವಿನ ಅರ್ಥವೂ ಕೂಡಿಕೊಂಡಿತು.

ಇಂತಹ ಸಂಕಟದ ವೇಳೆಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಕೈಗೊಂಡ ನೀತಿಯನ್ನು ಅಮೆರಿಕದವರೇ 'ಗಿಡ್ಡ ಹಗ್ಗ' ಎಂಬ ಅರ್ಥದ ಮಾತಿನಿಂದ ಕರೆದರು. ಮೇಯುವ ದನಕ್ಕೆ ಗೂಟದ ಹಗ್ಗ ಗಿಡ್ಡ ಮಾಡಿದಂತೆ, ದೀರ್ಘಾವಧಿಯ ಒಪ್ಪಂದಗಳನ್ನು ಕೈಬಿಟ್ಟು, ಕೆಲವು ವಾರಗಳಿಗೆ ಸಾಲುವಷ್ಟು ಧಾನ್ಯವನ್ನು ಮಾತ್ರ ಒಂದೊಂದು ಸಲಕ್ಕೆ ಮಂಜೂರು ಮಾಡುವ ಪದ್ಧತಿ ಅದು. ಕೋಟ್ಯಂತರ ಜನರ ಅನ್ನದ ಕಡತ ಒಬ್ಬ ವ್ಯಕ್ತಿಯ ಮೇಜಿನ ಮೇಲೆ ಕಾಯುತ್ತಿತ್ತು. ಭಾರತವು ಬೇಸಾಯಕ್ಕೆ ಹೆಚ್ಚು ಬಂಡವಾಳ ಹೂಡಲೆಂಬುದು ಅದರ ಪ್ರಕಟವಾದ ಉದ್ದೇಶ. ವಿಯಟ್ನಾಂ ಮೇಲಿನ ಬಾಂಬ್ ದಾಳಿಯನ್ನು ಭಾರತ ಟೀಕಿಸುತ್ತಿದ್ದುದು ಜಾನ್ಸನ್ನರನ್ನು ಕೆರಳಿಸಿತ್ತೆಂಬುದೂ ಗುಟ್ಟಾಗಿರಲಿಲ್ಲ. 1965ರ ನವೆಂಬರಿನಲ್ಲಿ ಕೃಷಿ ಸಚಿವ ಸಿ. ಸುಬ್ರಹ್ಮಣ್ಯಂ ಅವರು ರೋಮ್ ನಗರದಲ್ಲಿ ಅಮೆರಿಕದ ಕೃಷಿ ಕಾರ್ಯದರ್ಶಿಯೊಡನೆ ಒಪ್ಪಂದ ಮಾಡಿಕೊಂಡು, ಗೊಬ್ಬರ, ಬೀಜ, ನೀರಾವರಿಗಳ ವಿಷಯದಲ್ಲಿ ಭಾರತ ಕೈಗೊಳ್ಳಲಿರುವ ಕ್ರಮಗಳನ್ನು ವಾಗ್ದಾನ ಮಾಡಬೇಕಾಯಿತು. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಯಿತು. 4 ರೂಪಾಯಿ 76 ಪೈಸೆಯ ಡಾಲರ್ ಒಂದೇ ದಿನದಲ್ಲಿ 7 ರೂಪಾಯಿ 50 ಪೈಸೆಗೆ ಏರಿತು. ವಿಶ್ವ ಬ್ಯಾಂಕೂ ನೆರವು ನೀಡುವ ರಾಷ್ಟ್ರಗಳ ಕೂಟವೂ ಹೇರಿದ ಒತ್ತಡ ಇದರ ಹಿಂದಿತ್ತು. ಭರವಸೆಯಿತ್ತಷ್ಟು ನೆರವು ತರುವಾಯ ಬರಲಿಲ್ಲ.

ಇಲ್ಲಿ ನ್ಯಾಯವಾಗಿ ಎರಡು ಮಾತು ಹೇಳಬೇಕು. 1943ರ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂದು ಅಂದಾಜಿದೆ. 1966-67ರ ಬಿಹಾರದ ಬರಗಾಲದಲ್ಲಿ ಅಂತಹ ಸಾಮೂಹಿಕ ಮರಣ ಸಂಭವಿಸಲಿಲ್ಲ. ಸ್ವತಂತ್ರ ಸರ್ಕಾರದ ಆಡಳಿತ ವ್ಯವಸ್ಥೆಯೂ ಸೇವಾಸಂಸ್ಥೆಗಳ ಗಂಜಿಕೇಂದ್ರಗಳೂ ಅದಕ್ಕೆ ಕಾರಣ ನಿಜ. ಆದರೆ ಗಂಜಿಕೇಂದ್ರದಲ್ಲಿ ಬೇಯಿಸಲು ಧಾನ್ಯವಿದ್ದುದು ಹಡಗುಗಳು ಬಂದುದರಿಂದ. ಮಗುವಿನ ಮುಂದೆ ತಟ್ಟೆಯಿಟ್ಟ ತಾಯಿಗೆ ಜಾನ್ಸನ್ನರ ಹಗ್ಗದ ಉದ್ದ ಎಷ್ಟೆಂಬುದು ಮುಖ್ಯವಾಗಿರಲಿಲ್ಲ. ನೆರವನ್ನು ಸಾರಾಸಗಟಾಗಿ ತೆಗಳುವವರು ಈ ತಟ್ಟೆಯನ್ನು ಮರೆಯಬಾರದು. ಇನ್ನೊಂದು ಮಾತು: ರೋಮ್ ಒಪ್ಪಂದದಲ್ಲಿ ಬರೆದುಕೊಟ್ಟ ಕ್ರಮಗಳಲ್ಲಿ ಹೆಚ್ಚಿನವು ಸುಬ್ರಹ್ಮಣ್ಯಂ ಅವರು ತಾವಾಗಿಯೇ ಜಾರಿಗೆ ತರಲು ಸಂಕಲ್ಪಿಸಿದ್ದಂಥವು. ಹೊರಗಿನ ಒತ್ತಡ ಮಂತ್ರಿಮಂಡಲದಲ್ಲಿ ಅವರ ಕೈಯನ್ನು ಬಲಪಡಿಸಿತೆಂದು ವಾದಿಸುವವರೂ ಉಂಟು. ಹಾಗಿದ್ದರೂ ಸರಿಯಾದ ಕೆಲಸವನ್ನು ಅಪಮಾನದ ಮೂಲಕ ಮಾಡಿಸುವುದು ಸರಿಯಾದ ಮಾರ್ಗವೆಂದು ಒಪ್ಪಲಾಗದು.

ಅಪಮಾನವನ್ನು ನುಂಗಿಕೊಂಡ ದೇಶ ಮುಂದೆ ಮಾಡಿದ ಕೆಲಸ ಸರ್ವವಿದಿತ. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜವನ್ನು ಭಾರತ ತರಿಸಿತು. ನಾರ್ಮನ್ ಬೋರ್ಲಾಗ್ ಅವರು ಮೆಕ್ಸಿಕೋದಲ್ಲಿ ಸಿದ್ಧಪಡಿಸಿದ ತಳಿಗಳನ್ನು ಎಂ. ಎಸ್. ಸ್ವಾಮಿನಾಥನ್ ಮತ್ತು ಅವರ ಸಂಗಡಿಗರು ನಮ್ಮ ಹೊಲಗಳಿಗೆ ಒಗ್ಗಿಸಿದರು. 1964-65ರಲ್ಲಿ ಸುಮಾರು 120 ಲಕ್ಷ ಟನ್ ಇದ್ದ ಗೋಧಿಯ ಬೆಳೆ 1971-72ರಲ್ಲಿ 260 ಲಕ್ಷ ಟನ್ ದಾಟಿತು. 1971ರ ಕೊನೆಗೆ ರಿಯಾಯಿತಿಯ ಗೋಧಿ ಸಾಕೆಂದು ಭಾರತವೇ ಹೇಳಿತು. 1974ರ ಫೆಬ್ರವರಿ 18ರಂದು ಅಮೆರಿಕದ ರಾಯಭಾರಿ ಡೇನಿಯಲ್ ಮೊಯ್ನಿಹಾನ್ ಅವರು ಸಂಗ್ರಹವಾಗಿದ್ದ ರೂಪಾಯಿ ನಿಧಿಯಲ್ಲಿ 1,664 ಕೋಟಿ ರೂಪಾಯಿಗಳ ಚೆಕ್ಕೊಂದನ್ನು ಭಾರತ ಸರ್ಕಾರಕ್ಕೆ ಒಪ್ಪಿಸಿ ಆ ಅಧ್ಯಾಯವನ್ನು ಮುಗಿಸಿದರು. ಆವರೆಗೆ ಜಗತ್ತಿನಲ್ಲಿ ಬರೆಯಲಾದ ಅತಿ ದೊಡ್ಡ ಮೊತ್ತದ ಚೆಕ್ಕೆಂದು ಅದು ದಾಖಲೆಯ ಪುಸ್ತಕ ಸೇರಿತು.

ಗೋಧಿಯೊಡನೆ ಬಂದದ್ದೆಂದು ಜನ ನಂಬಿರುವ ಇನ್ನೊಂದು ವಸ್ತು ಮಾತ್ರ ಹಿಂದಿರುಗಲಿಲ್ಲ. ನಮ್ಮ ಹೊಲದ ಬದುಗಳಲ್ಲಿ, ರಸ್ತೆಯ ಇಕ್ಕೆಲಗಳಲ್ಲಿ ಬಿಳಿಯ ಹೂ ಬಿಟ್ಟು ನಿಲ್ಲುವ ಪಾರ್ಥೇನಿಯಂ, ಅಂದರೆ ನಮ್ಮವರು ಕಾಂಗ್ರೆಸ್ ಗಿಡ ಎನ್ನುವ ಕಳೆ, ಅಮೆರಿಕದ ಗೋಧಿಯ ಮೂಟೆಗಳಲ್ಲಿ ಬೀಜವಾಗಿ ಬಂದಿತೆಂಬುದು ಪ್ರತೀತಿ. 1950ರ ದಶಕದ ನಡುವೆ ಪುಣೆಯ ಬಳಿ ಅದನ್ನು ಗುರುತಿಸಿದ ಮೇಲೆ ಅದು ದೇಶವ್ಯಾಪಿಯಾಯಿತು. ಅದಕ್ಕೂ ಬಹಳ ಹಿಂದೆಯೇ ಈ ಸಸ್ಯ ಭಾರತದಲ್ಲಿತ್ತೆಂಬುದಕ್ಕೆ ಸಸ್ಯಶಾಸ್ತ್ರಜ್ಞರ ಸಂಗ್ರಹಗಳಲ್ಲಿ ಸಾಕ್ಷ್ಯವುಂಟು. ಆದರೂ ಕಳೆ ಕೀಳುವ ರೈತ ಇಂದಿಗೂ ಆ ನೆರವನ್ನು ನೆನೆಯುವುದು ಹೀಗೆ.

ಅದೇ ಕಾಲದಲ್ಲಿ ಅಮೆರಿಕದಿಂದಲೇ ಬಂದ ಇನ್ನೊಂದು ಬಗೆಯ ಸಹಾಯವನ್ನು ಜನ ಅಷ್ಟಾಗಿ ಗಮನಿಸಲಿಲ್ಲ. 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಟೆನ್ನೆಸಿ ವಿಶ್ವವಿದ್ಯಾಲಯದ ಅಧ್ಯಾಪಕರು ಬಂದು ನೆರವಾದರು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕೆಂಬ ಅವರ ಪದ್ಧತಿಯನ್ನು ನಾವು ಅಳವಡಿಸಿಕೊಂಡೆವು. ಅವರು ಕೆಲಸ ಮುಗಿಸಿ ಹೋದರು, ವಿಶ್ವವಿದ್ಯಾಲಯ ಉಳಿಯಿತು. ತಿಂದ ಗೋಧಿ ಅಂದೇ ಅರಗಿತು; ಕಲಿತ ವಿದ್ಯೆ ಇಂದಿಗೂ ಬೆಳೆ ಕೊಡುತ್ತಿದೆ. ಮಾತು ಬಂದಿತೆಂದು ಹೇಳಬೇಕು: ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ'ನವರು ಸಿದ್ಧಪಡಿಸಿದ ಇಂಡಾಫ್ ತಳಿಗಳು ನಮ್ಮ ರಾಗಿಯ ಇಳುವರಿಯನ್ನೇ ಬದಲಿಸಿದವು. ಅವು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿದ ಸಂಕರಗಳು. ಆಫ್ರಿಕಾ ಖಂಡ ನಮ್ಮ ಮುದ್ದೆಗೆ ಕೊಟ್ಟ ಈ ಕೊಡುಗೆಯನ್ನು ನೆರವಿನ ಯಾವ ಲೆಕ್ಕಪುಸ್ತಕದಲ್ಲಿಯೂ ಯಾರೂ ಬರೆದಿಟ್ಟಿಲ್ಲ.

ಇನ್ನು ಹಾಲಿನ ಕಥೆ. 1960ರ ದಶಕದ ಕೊನೆಗೆ ಯುರೋಪಿನ ಆರ್ಥಿಕ ಸಮುದಾಯದ ಉಗ್ರಾಣಗಳಲ್ಲಿ ಕೆನೆ ತೆಗೆದ ಹಾಲಿನ ಪುಡಿಯೂ ಬೆಣ್ಣೆಯೂ ಗುಡ್ಡೆಬಿದ್ದಿದ್ದವು. ಕಾರಣ ಗೋಧಿಯದೇ: ಬೆಂಬಲ ಬೆಲೆ, ಮಿತಿಮೀರಿದ ಉತ್ಪಾದನೆ. ಇಂದಲ್ಲ ನಾಳೆ ಈ ಹಾಲಿನ ಪುಡಿ ನೆರವಿನ ಹೆಸರಿನಲ್ಲಿ ಭಾರತಕ್ಕೆ ಬರುವುದು ಖಂಡಿತವೆಂದು ಗುಜರಾತಿನ ಆನಂದದಲ್ಲಿದ್ದ ವರ್ಗೀಸ್ ಕುರಿಯನ್ ಅವರು ಊಹಿಸಿದರು. 1946ರಲ್ಲಿ ಹುಟ್ಟಿದ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಸಂಘವನ್ನು ಕಟ್ಟಿ ಬೆಳೆಸಿದ ಅನುಭವ ಅವರಿಗಿತ್ತು. 1965ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಹೊಣೆಯೂ ಅವರದಾಗಿತ್ತು. ಪುಕ್ಕಟೆಯ ಪುಡಿ ಪಟ್ಟಣಗಳಲ್ಲಿ ಅಗ್ಗದ ಹಾಲಾಗಿ ಹರಿದರೆ ಹಳ್ಳಿಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡವನ ಗತಿಯೇನು? ಬರುವುದನ್ನು ತಡೆಯುವ ಬದಲು ಅದನ್ನೇ ಬಂಡವಾಳವನ್ನಾಗಿ ಮಾಡಿಕೊಳ್ಳುವ ಉಪಾಯವನ್ನು ಅವರು ಹೂಡಿದರು.

ಅದೇ 1970ರಲ್ಲಿ ಆರಂಭವಾದ 'ಆಪರೇಷನ್ ಫ್ಲಡ್', ನಮ್ಮವರ ಮಾತಿನಲ್ಲಿ ಕ್ಷೀರಕ್ರಾಂತಿ. ಅದರ ರಚನೆಯನ್ನು ತುಸು ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಗುಟ್ಟು ಇರುವುದು ರಚನೆಯಲ್ಲಿ. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ 1,26,000 ಟನ್ ಹಾಲಿನ ಪುಡಿಯನ್ನೂ 42,000 ಟನ್ ಬೆಣ್ಣೆಯೆಣ್ಣೆಯನ್ನೂ ಕೊಡುಗೆಯಾಗಿ ಪಡೆಯುವುದೆಂದು ನಿಶ್ಚಯವಾಯಿತು. ಆ ಕೊಡುಗೆಯನ್ನು ಯಾರಿಗೂ ಪುಕ್ಕಟೆ ಹಂಚಲಿಲ್ಲ. ಪುಡಿ, ಬೆಣ್ಣೆಯೆಣ್ಣೆ, ನೀರು ಮೂರನ್ನೂ ಬೆರೆಸಿ ಹಾಲನ್ನು ಮರಳಿ ರೂಪಿಸಿ, ಮುಂಬಯಿ, ದೆಹಲಿ, ಕಲ್ಕತ್ತ, ಮದ್ರಾಸುಗಳ ಡೇರಿಗಳಲ್ಲಿ ಹಳ್ಳಿಯ ಹಾಲಿನ ಬೆಲೆ ಕುಸಿಯದಂತಹ ದರಕ್ಕೆ ಮಾರಲಾಯಿತು. ಹಾಗೆ ಮಾರಿ ಬಂದ ಸುಮಾರು 116 ಕೋಟಿ ರೂಪಾಯಿ ಯಾವ ದೊರೆಯ ಬೊಕ್ಕಸಕ್ಕೂ ಹೋಗಲಿಲ್ಲ. ಹಳ್ಳಿಹಳ್ಳಿಗಳಲ್ಲಿ ಸಹಕಾರ ಸಂಘಗಳನ್ನು ಕಟ್ಟಲು, ಶೀತಲಕೇಂದ್ರಗಳನ್ನು ಸ್ಥಾಪಿಸಲು, ಹಾಲಿನ ಟ್ಯಾಂಕರುಗಳನ್ನು ಓಡಿಸಲು, ಪಶುವೈದ್ಯ ಸೇವೆಗೆ ಅದನ್ನು ತೊಡಗಿಸಲಾಯಿತು. ಹಳ್ಳಿಯ ಹಾಲು ಪಟ್ಟಣ ಮುಟ್ಟಿದಂತೆಲ್ಲ ಪುಡಿಯ ಪ್ರಮಾಣ ತಗ್ಗಬೇಕೆಂಬುದು ಯೋಜನೆಯ ಆಶಯ. ಅಂದರೆ ಈ ನೆರವು ತನ್ನ ಮುಕ್ತಾಯವನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡು ಬಂದಿತ್ತು.

ಇದಕ್ಕೆ ಟೀಕೆ ಬರಲಿಲ್ಲವೆಂದಲ್ಲ. 1983ರಲ್ಲಿ ಕ್ಲಾಡ್ ಆಲ್ವಾರಿಸ್ ಅವರು ಆಂಗ್ಲ ವಾರಪತ್ರಿಕೆಯೊಂದರಲ್ಲಿ ಇಡೀ ಯೋಜನೆಯನ್ನು 'ಬಿಳಿಯ ಸುಳ್ಳು' ಎಂದು ಕರೆದು ಕಟುವಾಗಿ ಖಂಡಿಸಿದರು. ವಿದೇಶೀ ಪುಡಿಯ ಮೇಲಿನ ಅವಲಂಬನೆ ತಗ್ಗುವ ಬದಲು ಮುಂದುವರಿಯುತ್ತಿದೆ, ಹಳ್ಳಿಯ ಹಾಲೆಲ್ಲ ಪಟ್ಟಣದ ಪಾಲಾಗಿ ಹಳ್ಳಿಯ ಮಕ್ಕಳು ಹಾಲು ಕಾಣದಂತಾಗಿದ್ದಾರೆ ಎಂಬುವು ಅಂದಿನ ಮುಖ್ಯ ಆಕ್ಷೇಪಣೆಗಳು. ವಿವಾದ ಬೆಳೆದು, ಎಲ್. ಕೆ. ಝಾ ಅವರ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿಯೂ ನೇಮಕವಾಯಿತು. ಎರಡನೆಯ ಆಕ್ಷೇಪಣೆಯಲ್ಲಿ ಸತ್ಯಾಂಶವಿತ್ತೆಂದು ಹಳ್ಳಿಯಲ್ಲಿ ಪಾಠ ಹೇಳಿದ ಅಧ್ಯಾಪಕರು ಒಪ್ಪಿಯಾರು. ಬೆಳಗಿನ ಹಾಲನ್ನೆಲ್ಲ ಡೇರಿಗೆ ಅಳೆದು ಕರಿಯ ಚಹಾ ಕುಡಿಯುವ ಮನೆಗಳನ್ನು ಯಾರು ತಾನೆ ಕಂಡಿಲ್ಲ? ಮೊದಲನೆಯದಕ್ಕೆ ಕಾಲವೇ ಉತ್ತರ ಹೇಳಿತು. 1970ರ ಸುಮಾರಿಗೆ ವರ್ಷಕ್ಕೆ ಸುಮಾರು 220 ಲಕ್ಷ ಟನ್ ಇದ್ದ ದೇಶದ ಹಾಲಿನ ಉತ್ಪಾದನೆ 1998ರಲ್ಲಿ ಅಮೆರಿಕವನ್ನು ಹಿಂದೆ ಹಾಕಿ ಜಗತ್ತಿನಲ್ಲೇ ಮೊದಲ ಸ್ಥಾನಕ್ಕೇರಿತು. 2023-24ರಲ್ಲಿ ಅದು ಸುಮಾರು 2,390 ಲಕ್ಷ ಟನ್.

ಕರ್ನಾಟಕದ ಪಾಲಿಗೆ ಈ ಕಥೆ ಸ್ವಲ್ಪ ಬೇರೆಯಾಗಿ ನಡೆಯಿತು. ಮೊದಲ ಹಂತದ ನಾಲ್ಕು ಮಹಾನಗರಗಳಲ್ಲಿ ಬೆಂಗಳೂರು ಇರಲಿಲ್ಲ. 1974ರಲ್ಲಿ ವಿಶ್ವ ಬ್ಯಾಂಕಿನ ಸಾಲದ ಸಹಾಯದಿಂದ ಇಲ್ಲಿನ ಡೇರಿ ಅಭಿವೃದ್ಧಿ ಯೋಜನೆ ಆನಂದದ ಮಾದರಿಯಲ್ಲಿಯೇ ಆರಂಭವಾಯಿತು. ವಿಶ್ವ ಬ್ಯಾಂಕು ಈ ದೇಶದಲ್ಲಿ ಹಣ ತೊಡಗಿಸಿದ ಮೊದಲ ಡೇರಿ ಯೋಜನೆ ಅದು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ಎಂಬ ಹೆಸರು ಬಂದಿತು. 'ನಂದಿನಿ' ಎಂಬ ಹೆಸರನ್ನು ಇಂದು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಾರದ ವರ್ಷದಲ್ಲಿ ಹೊಲ ಕೈಬಿಟ್ಟರೂ ಹಾಲಿನ ಪಟ್ಟಿಯ ಹಣ ಕೈಬಿಡದೆಂಬ ಧೈರ್ಯ ಕೋಲಾರ, ತುಮಕೂರು, ಮಂಡ್ಯ ಜಿಲ್ಲೆಗಳ ಮನೆಗಳಿಗೆ ಬಂದದ್ದು ಈ ಸಂಘಗಳಿಂದ.

ಗೋಧಿಯೂ ಹಾಲಿನ ಪುಡಿಯೂ ಒಂದೇ ಜಾತಿಯ ಕೊಡುಗೆಗಳು. ಎರಡೂ ಕೊಡುವವರ ಮನೆಯ ಹೆಚ್ಚುವರಿ, ಎರಡರಲ್ಲೂ ಅವರ ಸ್ವಾರ್ಥವಿತ್ತು. ಆದರೆ ಗೋಧಿಯ ವಿಷಯದಲ್ಲಿ ಎಷ್ಟು, ಯಾವಾಗ, ಎಲ್ಲಿಯವರೆಗೆ ಎಂಬುದನ್ನು ಕೊಡುವವರು ನಿರ್ಧರಿಸಿದರು. ಹಾಲಿನ ವಿಷಯದಲ್ಲಿ ಪಡೆಯುವವರು ಮೊದಲೇ ಲೆಕ್ಕಹಾಕಿಕೊಂಡು ಕುಳಿತಿದ್ದರು. ಗೋಧಿ ಊಟವಾಯಿತು, ಹಾಲಿನ ಪುಡಿ ಬೀಜವಾಯಿತು. ಸ್ಯಾಕ್ಸ್ ಅವರು ಕೇಳಬೇಕಾಗಿದ್ದುದು ಮತ್ತು ಮೋಯೋ ಅವರು ನೋಡಬೇಕಾಗಿದ್ದುದು ನೆರವಿನ ಮೊತ್ತವನ್ನಲ್ಲ, ಅದನ್ನು ಸ್ವೀಕರಿಸುವ ಕಡೆ ಒಂದು ಸಂಘಟಿತವಾದ, ಲೆಕ್ಕ ಒಪ್ಪಿಸುವ, ತನ್ನ ಬೇಕುಬೇಡಗಳನ್ನು ಅರಿತ ಸಂಸ್ಥೆಯಿದೆಯೇ ಎಂಬುದನ್ನು.

ಬೇರೆ ದೇಶಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಜೈರ್ ದೇಶವನ್ನು 1965ರಿಂದ 1997ರವರೆಗೆ ಆಳಿದ ಮೊಬುಟು ಅವರಿಗೆ ಶೀತಲಯುದ್ಧದ ಕಾರಣದಿಂದ ಪಾಶ್ಚಾತ್ಯ ಸಾಲ ಮತ್ತು ನೆರವು ಧಾರಾಳವಾಗಿ ಹರಿಯಿತು. ಕೊಟ್ಟ ಹಣ ಹಿಂದಿರುಗುವ ಆಶೆಯಿಲ್ಲವೆಂದು 1982ರಲ್ಲಿ ಎರ್ವಿನ್ ಬ್ಲೂಮೆಂಥಾಲ್ ಎಂಬ ಜರ್ಮನ್ ಬ್ಯಾಂಕ್ ಅಧಿಕಾರಿ ವರದಿ ಬರೆದ ಮೇಲೂ ಹರಿವು ನಿಲ್ಲಲಿಲ್ಲ. ಕಾಡಿನ ನಡುವಣ ಹುಟ್ಟೂರ ಕಡೆಯಲ್ಲಿ ಅರಮನೆಗಳೂ ದೊಡ್ಡ ವಿಮಾನ ನಿಲ್ದಾಣವೂ ಎದ್ದವು, ಪ್ರಜೆಗಳಿಗೆ ಸಾಲ ಉಳಿಯಿತು. ಅತ್ತ ದಕ್ಷಿಣ ಕೊರಿಯ 1950ರ ದಶಕದಲ್ಲಿ ಅಮೆರಿಕದ ನೆರವಿನಿಂದಲೇ ಉಸಿರಾಡುತ್ತಿದ್ದ ದೇಶ. ಭೂಸುಧಾರಣೆಯನ್ನೂ ಶಾಲೆಗಳನ್ನೂ ಗಟ್ಟಿಮಾಡಿಕೊಂಡ ಅದು 2010ರಲ್ಲಿ ನೆರವು ನೀಡುವ ಧನಿಕ ರಾಷ್ಟ್ರಗಳ ಸಮಿತಿಯ ಸದಸ್ಯನಾಯಿತು. ಸಿಡುಬಿನ ನಿರ್ಮೂಲನ ಇನ್ನೊಂದು ನಿದರ್ಶನ. ಸೋವಿಯತ್ ಒಕ್ಕೂಟ ಲಸಿಕೆ ಕೊಟ್ಟಿತು, ಸ್ವೀಡನ್ ಹಣ ಕೊಟ್ಟಿತು, ವಿಶ್ವ ಆರೋಗ್ಯ ಸಂಸ್ಥೆ ತಜ್ಞರನ್ನು ಕಳುಹಿಸಿತು. ಮನೆಮನೆಯ ಬಾಗಿಲು ತಟ್ಟಿದವರು ನಮ್ಮ ಆರೋಗ್ಯ ಕಾರ್ಯಕರ್ತರು. 1975ರಲ್ಲಿ ಭಾರತದಲ್ಲಿಯೂ 1977ರಲ್ಲಿ ಲೋಕದಲ್ಲಿಯೂ ಆ ರೋಗದ ಸ್ವಾಭಾವಿಕ ಹರಡುವಿಕೆ ಕೊನೆಗೊಂಡಿತು. ಈ ನೆರವಿನಿಂದ ಕೇಡಾಯಿತೆಂದು ಯಾರು ಹೇಳಬಲ್ಲರು?

ಸ್ಯಾಕ್ಸ್ ಅವರು ಕಡುಬಡತನದ ಅಂತ್ಯಕ್ಕೆ ಗೊತ್ತುಮಾಡಿದ್ದ 2025ನೆಯ ವರ್ಷ ಬಂದಾಗ ಆದದ್ದೇ ಬೇರೆ. ಆ ವರ್ಷದ ಜನವರಿಯಲ್ಲಿ ಅಮೆರಿಕದ ಹೊಸ ಸರ್ಕಾರವು ವಿದೇಶೀ ನೆರವನ್ನು ಒಮ್ಮೆಲೆ ತಡೆಹಿಡಿಯಿತು. ಜುಲೈ 1ರ ವೇಳೆಗೆ 1961ರಿಂದ ನಡೆದುಬಂದಿದ್ದ ಅದರ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯೇ ಮುಚ್ಚಿತು. 2003ರಿಂದ ಅಮೆರಿಕದ ಹಣದಿಂದ ಏಡ್ಸ್ ಔಷಧ ಪಡೆದು ಬದುಕುತ್ತಿದ್ದ ಆಫ್ರಿಕಾದ ಅನೇಕ ರೋಗಿಗಳು ಮುಚ್ಚಿದ ಚಿಕಿತ್ಸಾಲಯಗಳ ಮುಂದೆ ನಿಲ್ಲಬೇಕಾಯಿತು. ನೆರವು ನಿಲ್ಲಲಿ ಎಂದವರು ಅದು ಹೀಗೆ ನಿಲ್ಲಲೆಂದು ಬಯಸಿರಲಾರರು. ಆ ಔಷಧ ಲಕ್ಷಾಂತರ ಜೀವಗಳನ್ನು ಉಳಿಸಿತ್ತೆಂಬುದೂ, ಸ್ವಂತ ಬೊಕ್ಕಸದಿಂದ ಅದನ್ನು ಕೊಳ್ಳುವ ಸಿದ್ಧತೆಯನ್ನು ಹಲವು ಸರ್ಕಾರಗಳು ಇಪ್ಪತ್ತು ವರ್ಷಗಳಲ್ಲಿ ಮಾಡಿಕೊಳ್ಳಲಿಲ್ಲವೆಂಬುದೂ ಎರಡೂ ನಿಜ. 1966ರ ದೆಹಲಿಯನ್ನು ಬಲ್ಲವರಿಗೆ ಈ ದೃಶ್ಯ ಹೊಸತಲ್ಲ.

ಈಗ ನಾವೂ ಕೊಡುವ ಸಾಲಿನಲ್ಲಿದ್ದೇವೆ. 1964ರಲ್ಲಿಯೇ ಭಾರತ ಪರದೇಶಗಳ ತರುಣರಿಗೆ ತಾಂತ್ರಿಕ ತರಬೇತಿ ನೀಡುವ ಕಾರ್ಯಕ್ರಮವನ್ನು ಆರಂಭಿಸಿತ್ತು. 2003ರಲ್ಲಿ ಸಣ್ಣ ದಾನಿ ರಾಷ್ಟ್ರಗಳ ನೆರವು ಇನ್ನು ಬೇಡವೆಂದು ತಿಳಿಸಿತು. 2004ರ ಸುನಾಮಿಯಲ್ಲಿ ವಿದೇಶೀ ಸರ್ಕಾರಗಳ ಸಹಾಯವನ್ನು ನಯವಾಗಿ ನಿರಾಕರಿಸಿ, ತಾನೇ ಶ್ರೀಲಂಕಾ, ಮಾಲ್ಡೀವ್ಸ್, ಇಂಡೋನೇಷ್ಯಾಗಳಿಗೆ ಹಡಗು ಕಳುಹಿಸಿತು. 2021ರ ಕೋವಿಡ್ ಅಲೆಯಲ್ಲಿ ಆಮ್ಲಜನಕಕ್ಕಾಗಿ ಮತ್ತೆ ಕೈಚಾಚಬೇಕಾಯಿತು. ಅದರಲ್ಲಿ ನಾಚಿಕೆಯೇನೂ ಇಲ್ಲ. ನಾಚಿಕೆಪಡಬೇಕಾದದ್ದು ಇದ್ದರೆ ಬೇರೊಂದಿದೆ. ಭಾರತ ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಕೊಡುವ ಸಾಲಗಳಲ್ಲಿ, ಸಾಮಾನ್ಯವಾಗಿ ಶೇಕಡಾ 75ರಷ್ಟು ಸಾಮಗ್ರಿ ಮತ್ತು ಸೇವೆಯನ್ನು ನಮ್ಮಲ್ಲಿಯೇ ಕೊಳ್ಳಬೇಕೆಂಬ ಷರತ್ತಿದೆ. ಪಿ.ಎಲ್. 480ರ ಧಾನ್ಯದಲ್ಲಿ ಅರ್ಧದಷ್ಟನ್ನಾದರೂ ಅಮೆರಿಕದ ಹಡಗುಗಳಲ್ಲಿಯೇ ಸಾಗಿಸಬೇಕೆಂಬ ಅವರ ನಿಯಮವನ್ನು ಕಂಡು ನಮ್ಮವರು ಅಂದು ಬೇಸರಪಟ್ಟಿದ್ದರು.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು 'ಕೇರ್' ಉಪ್ಪಿಟ್ಟನ್ನು ಉಂಡವರು. ಅಮೆರಿಕದ ಆ ಸೇವಾಸಂಸ್ಥೆಯ ಹೆಸರು ಮುದ್ರಿತವಾಗಿದ್ದ ಚೀಲಗಳಿಂದ ಬಂದ ಗೋಧಿರವೆ, ಹಂಡೆಯಲ್ಲಿ ಕಲಸಿದ ಹಾಲಿನ ಪುಡಿ, ಮನೆಯಿಂದ ತಂದ ತಟ್ಟೆ ಲೋಟ. ಆ ಉಪ್ಪಿಟ್ಟಿನ ಆಸೆಗೆ ಶಾಲೆಗೆ ಬಂದು ಅಕ್ಷರ ಕಲಿತು ಹೋದವರೂ ಉಂಟು. ಮುಂದೆ 2002ರಲ್ಲಿ ಕರ್ನಾಟಕ ಸರ್ಕಾರ ತನ್ನದೇ ಬಿಸಿಯೂಟದ ಯೋಜನೆಯನ್ನು ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹೆಸರಿನಲ್ಲಿ ಶಾಲೆಯ ಮಕ್ಕಳಿಗೆ 150 ಮಿಲಿಲೀಟರ್ ಹಾಲು ಕೊಡುವುದೂ ಮೊದಲಾಯಿತು. ಅದೂ ಪುಡಿಯನ್ನು ಕಲಸಿದ ಹಾಲೇ. ಮಹಾಮಂಡಳದಲ್ಲಿ ಹಾಲು ಹೆಚ್ಚಾಗಿ, ಅದನ್ನು ಏನು ಮಾಡುವುದೆಂಬ ಚಿಂತೆ ಹುಟ್ಟಿದ್ದೂ ಆ ಯೋಜನೆಗೆ ಒಂದು ಕಾರಣ. ಹೆಚ್ಚುವರಿಯನ್ನು ಕೊಡುಗೆ ಮಾಡುವ ಬುದ್ಧಿ ಅಮೆರಿಕದವರದು ಮಾತ್ರವಲ್ಲ. ಈ ಸಲ ಪುಡಿಯಾದದ್ದು, ಲೋಟ ಹಿಡಿದು ಸಾಲಿನಲ್ಲಿ ನಿಂತ ಮಕ್ಕಳ ಮನೆಯವರೇ ಬೆಳಿಗ್ಗೆ ಸಂಘದಲ್ಲಿ ಅಳೆದು ಬಂದ ಹಾಲು.